ಮಿಸುಕದ ಪ್ರೋಗ್ರಾಮು, ಎರಡು ಟಿಫನ್ ಡಬ್ಬಿ

ತಾನು ಬರೆದದ್ದನ್ನು ತಾನೇ ಮೆಚ್ಚಿಕೊಳ್ಳುವ ಕಾಯಿಲೆ ಕವಿಗಳಿಗೆ ಮಾತ್ರ ಬರುತ್ತದೆ ಎಂದುಕೊಂಡಿದ್ದರೆ ನೀವು ಪ್ರೋಗ್ರಾಮು ಬರೆಯುವವರನ್ನು ನೋಡಿಲ್ಲ. ತೊಂಬತ್ತರ ದಶಕದ ಕೊನೆಗೆ ಬೆಂಗಳೂರಿನ ಜಯನಗರದ ಒಂದು ಸಣ್ಣ ಕಂಪನಿಯಲ್ಲಿ ನನಗದು ಜೋರಾಗಿ ತಗುಲಿತ್ತು. ಬಿಸ್ಕತ್ ಕಾರ್ಖಾನೆಯೊಂದಕ್ಕೆ ಹಳೆಯದರ ಬದಲು ಹೊಸ ಪ್ರೋಗ್ರಾಮು ಬೇಕಿತ್ತು. ಬಿಸ್ಕತ್ತು ತುಂಬುವ ಯಂತ್ರ, ಪೊಟ್ಟಣ ಕಟ್ಟುವ ಯಂತ್ರ, ಎರಡೂ ಏಕಕಾಲಕ್ಕೆ ಓಡಬೇಕು. ನಡುನಡುವೆ ಒಂದಕ್ಕೊಂದು ಸುದ್ದಿ ಮುಟ್ಟಿಸಬೇಕು. ನಾನು 'ಪ್ರಾಸೆಸ್' ಎಂಬ ಕ್ಲಾಸು, ಅಂದರೆ ಪ್ರೋಗ್ರಾಮಿನೊಳಗಿನ ಒಂದು ಅಚ್ಚು, ಬರೆದು ಎರಡೂ ಯಂತ್ರಗಳನ್ನು ಅದರ ಮಕ್ಕಳಾಗಿಸಿದೆ. ಸುದ್ದಿ ಸಾಗಿಸಲು 'ಚಾನೆಲ್' ಎಂಬ ಇನ್ನೊಂದು ಕ್ಲಾಸು. ಅದರ ನಿಯಮ ಒಂದೇ: ಕೊಟ್ಟದ್ದನ್ನು ಎದುರಿನವನು ತೆಗೆದುಕೊಳ್ಳುವ ತನಕ ಕೊಟ್ಟವನು ಅಲ್ಲಾಡುವಂತಿಲ್ಲ. ಎಷ್ಟು ಚೆಂದ ಬಂತೆಂದರೆ, ಪ್ರಿಂಟೌಟ್ ಮನೆಗೊಯ್ದು ಹೆಂಡತಿಗೂ ತೋರಿಸಿದೆ. "ಸಾಲೆಲ್ಲ ನೀಟಾಗಿದೆ" ಅಂದಳು.

ಓಡಿಸಿದರೆ ಪರದೆಯ ಮೇಲೆ ಎರಡು ಸಾಲು ಮೂಡಿ ನಿಂತೇ ಹೋಯಿತು. ಕಂಪ್ಯೂಟರನ್ನು ಬೈದೆ, ಯುಪಿಎಸ್ಸನ್ನು ಬೈದೆ. ಮೂರು ದಿನ ಹೋಯಿತು. "ಶುಕ್ರವಾರ ಕಾರ್ಖಾನೆಯವ್ರು ಬರ್ತಾರೆ. ಆಗ್ಲಿಲ್ಲ ಅಂದ್ರೆ ನಿಮ್ಮ ಕ್ಲಾಸುಗಳನ್ನೆಲ್ಲ ಕಿತ್ತಾಕಿ ಹಳೇ ಪ್ರೋಗ್ರಾಮೇ ಹಾಕ್ಬಿಡಿ" ಎಂದರು ಮ್ಯಾನೇಜರು.

ಗುರುವಾರ ಮಧ್ಯಾಹ್ನ, ಗದಗಿನಿಂದ ಬಂದು ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದ, ಟೆಸ್ಟಿಂಗಿಗೆ ಹೊಸದಾಗಿ ಸೇರಿದ್ದ ಸಾವಿತ್ರಿ ಬಂದು ಏನಾಗಿದೆ ಎಂದು ಕೇಳಿದಳು. ವಿವರಿಸಿದೆ. "ಸರ, ಬಾಯಿಲೆ ಹೇಳಿದ್ರ ತಿಳೀವಲ್ದು. ನಾ ತುಂಬೋ ಮಷೀನು, ನೀವು ಕಟ್ಟೋ ಮಷೀನು. ಮಾಡಿ ತೋರಸ್ರಿ."

ಅವಳ ಊಟದ ಡಬ್ಬಿ 'ಬಿಸ್ಕತ್ತು ತಯಾರು' ಎಂಬ ಸುದ್ದಿ. ನನ್ನದು 'ಜಾಗ ಖಾಲಿ' ಎಂಬ ಸುದ್ದಿ. ನಾನು ಬರೆದಂತೆ ಇಬ್ಬರೂ ಮೊದಲು ಕೊಡಬೇಕು, ಆಮೇಲೆ ತೆಗೆದುಕೊಳ್ಳಬೇಕು. ಇಬ್ಬರೂ ಎರಡು ಕೈಯಲ್ಲಿ ಡಬ್ಬಿ ಚಾಚಿ ನಿಂತೆವು.

"ತೊಗೋರಿ ಸರ."

"ನೀವು ಮೊದ್ಲು ತಗೊಳ್ಳಿ."

"ನಂದು ನೀವು ತೊಗೊಳ್ಳೋ ತನಕ ನಾ ಹ್ಯಾಂಗ ತೊಗೊಳ್ಳಲಿ?"

ಒಳಗೆ ಬಂದ ಮ್ಯಾನೇಜರು ಬೆಚ್ಚಿದರು. "ಏನ್ರೀ, ಯಾರೂ ಊಟ ಮಾಡಲ್ವಾ?"

"ಸಾರ್, ಸಿಕ್ತು!" ಎಂದು ಕೂಗಿದೆ. ಕಟ್ಟುವ ಯಂತ್ರ ಮೊದಲು ತೆಗೆದುಕೊಂಡು ಆಮೇಲೆ ಕೊಟ್ಟರೆ ಸಾಕು. ಎರಡು ಸಾಲು ಅದಲುಬದಲು ಮಾಡಿದೆ, ಅಷ್ಟೇ. ಪರದೆಯ ಮೇಲೆ ಸಾಲುಗಳು ದಬದಬ ಸುರಿದವು!

ಶುಕ್ರವಾರ ಕಾರ್ಖಾನೆಯ ಯಜಮಾನರು ಒಂದು ಗಂಟೆ ಕಣ್ಣು ಕೀಳದೆ ನೋಡಿ, "ಒಂದ್ಸಲಾನೂ ನಿಲ್ಲಲಿಲ್ವಲ್ಲ ಸಾರ್!" ಎಂದು ಕೈಕುಲುಕಿದರು. ನಾನು ಸಾವಿತ್ರಿಯ ಹೆಸರು ಹೇಳಿದೆ. ಇಡೀ ಆಫೀಸು ಚಪ್ಪಾಳೆ ತಟ್ಟಿತು. ಮ್ಯಾನೇಜರು ತಾವೇ ಹೋಗಿ ಜಿಲೇಬಿ ತಂದರು.

ಸೋಮವಾರ ಎಲ್ಲರಿಗೂ ಪಾಠ ಮಾಡಲು ನನ್ನನ್ನೇ ನಿಲ್ಲಿಸಿದರು. ಕೊಡುವ ಆತುರ ಬಿಟ್ಟು ಎದುರಿನವರದ್ದನ್ನು ಮೊದಲು ತೆಗೆದುಕೊಳ್ಳಬೇಕು ಎಂದು ಒಂದೂವರೆ ಗಂಟೆ ಮನಮುಟ್ಟುವಂತೆ ಮಾತಾಡಿದೆ. ನಡುವೆ ಸಾವಿತ್ರಿ ಮೂರು ಸಲ ಕೈಯೆತ್ತಿದಳು. ಮೂರು ಸಲವೂ ನಾನು, "ಇರೀಮ್ಮ, ಮೊದ್ಲು ನಂದು ಮುಗೀಲಿ" ಅಂದೆ.