ಪ್ರಳಯಪ್ರಿಯರ ಮನೆಯಲ್ಲಿ

ಕೆಲವರ ಮನೆಯಲ್ಲಿ ಗಂಡಂದಿರು ಕುಡಿಯುತ್ತಾರೆ, ಕೆಲವರ ಮನೆಯಲ್ಲಿ ಇಸ್ಪೀಟು ಆಡುತ್ತಾರೆ. ಅಂಥವರ ಹೆಂಡತಿಯರಿಗೆ ಕೊನೇಪಕ್ಷ ನೆರೆಹೊರೆಯವರ ಮರುಕವಾದರೂ ಸಿಗುತ್ತದೆ. ನನ್ನ ಗಂಡನ ಚಟವನ್ನು ಹೇಳಿಕೊಂಡರೆ ಜನ ನಗುತ್ತಾರೆ. ನಮ್ಮವರಿಗೆ ಪ್ರಳಯದ ಸಿನಿಮಾಗಳ ಹುಚ್ಚು. ಭೂಕಂಪ, ಸುನಾಮಿ, ಜ್ವಾಲಾಮುಖಿ, ಸುಂಟರಗಾಳಿ, ಆಕಾಶದಿಂದ ಬೀಳುವ ಬಂಡೆ, ಏನಾದರೂ ಸರಿ, ಒಂದು ಊರು ನೆಲಸಮವಾಗಬೇಕು. ಅದನ್ನು ಇವರು ಸೋಫಾದ ಮೇಲೆ ಕಾಲು ಮಡಚಿ ಕೂತು ಒಗ್ಗರಣೆ ಚುರುಮುರಿ ಮುಕ್ಕುತ್ತಾ ನೋಡಬೇಕು. ವಾರವಿಡೀ ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರಲ್ಲಿ ತಲೆ ತಗ್ಗಿಸಿ ಲೆಕ್ಕ ಬರೆಯುವ ಈ ಸಾಧು ಮನುಷ್ಯನಿಗೆ ಭಾನುವಾರ ಬಂತೆಂದರೆ ಒಂದು ಪಟ್ಟಣದ ಬಲಿ ಬೇಕು. ಹಾಗೆಂದು ಧೈರ್ಯವಂತರೇನಲ್ಲ. ಬಚ್ಚಲಲ್ಲಿ ಹಲ್ಲಿ ಕಂಡರೆ ಟವೆಲ್ ಸುತ್ತಿಕೊಂಡು ಹೊರಗೆ ಓಡಿಬಂದು ನನ್ನನ್ನು ಒಳಗೆ ಕಳಿಸುತ್ತಾರೆ.

ವಿಜಯಪುರದಿಂದ ನಮ್ಮತ್ತೆ ಈ ತೆಲುಗು ಊರಿಗೆ ಬಂದು ನಮ್ಮೊಡನೆ ಇರತೊಡಗಿದಾಗ ನನಗೊಂದು ಆಸೆಯಿತ್ತು: ಅವರ ಭಜನೆ, ಪುರಾಣಗಳ ಮುಂದೆ ಈ ಅನಿಷ್ಟ ನಿಲ್ಲಲಾರದು ಎಂದು. ಆದದ್ದೇ ಬೇರೆ. ಮೊದಲ ಭಾನುವಾರವೇ ಹಿಂದಿಗೆ ಡಬ್ ಆದ ಯಾವುದೋ ಸುನಾಮಿಯ ಮುಂದೆ ಮಗನ ಪಕ್ಕ ಕೂತರು. ಅಲೆಯೊಂದು ಇಪ್ಪತ್ತಂತಸ್ತಿನ ಕಟ್ಟಡವನ್ನು ನುಂಗಿದಾಗ, "ಭಾಳ ಛಂದ ಮುಳುಗಿಸ್ಯಾರ ನೋಡವಾ, ಬಾ ಇಲ್ಲೆ" ಎಂದು ಅಡುಗೆಮನೆಯಲ್ಲಿದ್ದ ನನ್ನನ್ನೂ ಕರೆದರು. ಧಾರಾವಾಹಿಗಳಿಗಿಂತ ಇದೇ ವಾಸಿಯಂತೆ. "ಅಲ್ಲಿ ಅತ್ತಿ ಸ್ವಸಿ ವರ್ಷಗಟ್ಟಲೆ ಜಗಳಾಡತಾರ. ಇಲ್ಲಿ ನೀರು ಬಂತಂದ್ರ ಎಲ್ಲಾರೂ ಕೈ ಕೈ ಹಿಡಕೊಂಡು ಓಡತಾರ" ಎಂದರು. ಇದು ಸಿನಿಮಾದ ವಿಮರ್ಶೆಯೋ ನನಗೆ ಕೊಟ್ಟ ಏಟೋ ಎಂದು ನಾನು ಇನ್ನೂ ಯೋಚಿಸುತ್ತಲೇ ಇದ್ದೇನೆ.

ಇಷ್ಟಕ್ಕೂ ಆ ಸಿನಿಮಾಗಳಲ್ಲಿ ಇರುವುದಾದರೂ ಏನು? ನಾನು ಶಾಲೆಯಲ್ಲಿ ಭೂಗೋಳ ಕಲಿಸುವವಳು. ಅಲ್ಲಿನ ಜ್ವಾಲಾಮುಖಿಗಳು ಹುಟ್ಟುವ ಜಾಗ, ಅಲೆಗಳು ಏಳುವ ರೀತಿ ನೋಡಿದರೆ ಪರೀಕ್ಷೆಯಲ್ಲಿ ಸೊನ್ನೆ ಕೊಡಬೇಕು ಅನ್ನಿಸುತ್ತದೆ. ಅದು ಹೋಗಲಿ. ಪ್ರತಿ ಸಿನಿಮಾದಲ್ಲೂ ಗಂಡ ಹೆಂಡತಿ ಮುನಿಸಿಕೊಂಡು ಬೇರೆ ಇರುತ್ತಾರೆ. ಅವರಿಬ್ಬರು ಒಂದಾಗಲೆಂದು ಸಮುದ್ರ ಉಕ್ಕಬೇಕು, ಸೇತುವೆ ಬೀಳಬೇಕು, ಪಾಪ, ಯಾರು ಯಾರೋ ಸಾಯಬೇಕು. ಮನೆಯ ಇಬ್ಬರು ಹಿರಿಯರು ಚಹಾ ಕುಡಿಯುತ್ತಾ ಬುದ್ಧಿ ಹೇಳಿದ್ದರೆ ಮುಗಿಯುತ್ತಿದ್ದ ಜಗಳವದು! ಕೊನೆಗೆ ಉಳಿದವರೆಲ್ಲ ಗುಡ್ಡದ ಮೇಲೆ ನಿಂತು ಸೂರ್ಯೋದಯ ನೋಡುತ್ತಾರೆ, ಸಂಗೀತ ಬರುತ್ತದೆ, ಸಿನಿಮಾ ಮುಗಿಯುತ್ತದೆ. ಆಮೇಲೆ ಕೆಸರು ಬಳಿಯುವವರು ಯಾರು? ನೆಂದ ಗಾದಿಗಳನ್ನು ಬಿಸಿಲಿಗೆ ಹಾಕುವವರು ಯಾರು? ಹೆಂಗಸರ ನಿಜವಾದ ಸಿನಿಮಾ ಶುರುವಾಗುವುದೇ ಅಲ್ಲಿಂದ. ಅದನ್ನು ಯಾವನೂ ತೆಗೆಯುವುದಿಲ್ಲ.

ಒಮ್ಮೆ ರೋಸಿಹೋಗಿ ಕೇಳಿಯೇಬಿಟ್ಟೆ: "ಏನ್ ಸುಖ ಐತ್ರಿ ಇದರಾಗ?"

ಅವರು ತೆರೆಯಿಂದ ಕಣ್ಣು ತೆಗೆಯದೆ, "ನಿನಗ ತಿಳಿಯಂಗಿಲ್ಲ. ಅಲ್ಲಿ ಆಫೀಸೂ ಮುಳುಗತೈತಿ. ಅವರಿಗೆ ಸೋಮವಾರ ಬರಂಗಿಲ್ಲ" ಎಂದರು. ಆ ದನಿಯಲ್ಲಿ ಎಷ್ಟು ಹಂಬಲವಿತ್ತೆಂದರೆ ನಾನೇ ಹೋಗಿ ಇನ್ನೊಂದು ಬಟ್ಟಲು ಚುರುಮುರಿ ತಂದಿಟ್ಟೆ.

ಸುಮ್ಮನಿರಲಾಗದ ದಿನ ಬಂದದ್ದು ಕಳೆದ ಮಳೆಗಾಲದಲ್ಲಿ. ನಮ್ಮದು ಅಮೀರ್‌ಪೇಟ್‌ನ ಹಿಂಬದಿಯ ಗಲ್ಲಿ. ಸುತ್ತ ಕೋಚಿಂಗ್ ಸೆಂಟರುಗಳು, ಹಾಸ್ಟೆಲುಗಳು, ನಡುವೆ ಸಿಕ್ಕಿಹಾಕಿಕೊಂಡ ನಮ್ಮ ಅಪಾರ್ಟ್‌ಮೆಂಟು. ಕೆಳಗೆ ಗಾಡಿ ನಿಲ್ಲಿಸುವ ಸೆಲ್ಲಾರು. ಅದರ ಮೂಲೆಯ ಒಂದೇ ಕೋಣೆಯಲ್ಲಿ ವಾಚ್‌ಮನ್ ಸಂಸಾರ. ಆ ಭಾನುವಾರ ವಾಚ್‌ಮನ್ ಊರಿಗೆ ಹೋಗಿದ್ದ. ಅವನ ಹೆಂಡತಿ ಯಾದಮ್ಮ ಮತ್ತು ಅವಳ ಹಸುಗೂಸು ಮಾತ್ರ ಇದ್ದರು. ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಮಳೆ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಬಾಲ್ಕನಿಯಿಂದ ನೋಡಿದರೆ ಗಲ್ಲಿಯೇ ಕಾಲುವೆಯಾಗಿ, ನೀರು ನಮ್ಮ ಗೇಟು ದಾಟಿ ಇಳಿಜಾರಿನಲ್ಲಿ ಸೆಲ್ಲಾರಿಗೆ ಸುರಿಯುತ್ತಿತ್ತು.

"ರೀ, ಸೆಲ್ಲಾರಿಗೆ ನೀರು ಬರಾಕತ್ತೈತಿ!" ಎಂದು ಕೂಗಿದೆ.

"ಒಂದ ನಿಮಿಷ ತಡಿ, ಅಣೆಕಟ್ಟು ಒಡಿಯಾಕತ್ತೈತಿ" ಎಂದರು ನಮ್ಮವರು.

"ಯಾದಮ್ಮ ಒಬ್ಬಾಕಿನ ಅದಾಳ್ರಿ!"

"ಶ್! ಮಾತಾಡಬ್ಯಾಡವಾ, ಆ ಮುದುಕನ ಮಾತು ಕೇಳಸವಲ್ದು" ಎಂದರು ಅತ್ತೆ. ತೆರೆಯ ಮೇಲೆ ಯಾವನೋ ಮುದಿ ವಿಜ್ಞಾನಿ ಅಣೆಕಟ್ಟಿನ ಮೇಲೆ ನಿಂತು, ನಾನು ಹೇಳಿದರೆ ಯಾರೂ ಕೇಳಲಿಲ್ಲ ಎಂದು ಗೋಳಾಡುತ್ತಿದ್ದ. ತಾಯಿ ಮಗ ಇಬ್ಬರೂ ಅವನಿಗಾಗಿ ಲೊಚಗುಟ್ಟುತ್ತಿದ್ದರು. ಇಲ್ಲಿ ನಾನೊಬ್ಬಳು ವಿಜ್ಞಾನಿ ಗಂಟಲು ಹರಿದುಕೊಳ್ಳುತ್ತಿದ್ದೇನೆ, ನನ್ನನ್ನು ಕೇಳುವವರಿಲ್ಲ! ಸೀರೆ ಎತ್ತಿ ಕಟ್ಟಿ ಕೆಳಗೆ ಓಡಿದೆ.

ಯಾದಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ಇನ್ನೊಂದು ಕೈಯಿಂದ ಅಕ್ಕಿಚೀಲ ಎಳೆಯುತ್ತಿದ್ದಳು. ಚೀಲ ಬರುತ್ತಿರಲಿಲ್ಲ, ಅವಳು ಬಿಡುತ್ತಿರಲಿಲ್ಲ. ನೀರು ಕಂದು ಬಣ್ಣಕ್ಕೆ ತಿರುಗಿ ಸುಳಿಯುತ್ತಿತ್ತು. ಅವಳ ಪಾತ್ರೆಗಳು ತೇಲಿ ನಮ್ಮ ಕಾರಿಗೆ ಬಡಿಯುತ್ತಿದ್ದವು. ನಾನು ಕೂಸನ್ನು ಕಸಿದುಕೊಂಡು ಮೇಲೆ ಓಡಿ ಅತ್ತೆಯ ತೊಡೆಯ ಮೇಲೆ ಮಲಗಿಸಿದೆ. ಅವರು ತೆರೆ ನೋಡುತ್ತಲೇ ಸೆರಗಿನಿಂದ ಅದರ ತಲೆ ಒರೆಸತೊಡಗಿದರು. ಮತ್ತೆ ಇಳಿದು ಬಂದರೆ ಮೆಟ್ಟಿಲ ಮೇಲೆ ಮೂರನೇ ಮಹಡಿಯ ಸಾಫ್ಟ್‌ವೇರ್ ಮಹಾಶಯ, ದಿನಾ ಗಚ್ಚಿಬೌಲಿಯ ಕಂಪನಿಗೆ ಹೋಗಿಬರುವವರು, ಫೋನು ಹಿಡಿದು ವಿಡಿಯೋ ತೆಗೆಯುತ್ತಿದ್ದರು. "ಫೋನ್ ಜೇಬಲ್ಲಿ ಇಡಿ, ಬಂದು ಚೀಲ ಹಿಡಿಯಿರಿ!" ಎಂದು ನನಗೆ ಬಂದ ತೆಲುಗಿನಲ್ಲಿ ಗದರಿದೆ. ಅವರು, "ಒಕ್ಕ ನಿಮಿಷಂ ಆಂಟೀ" ಎಂದರು. ಜಗತ್ತಿನ ಎಲ್ಲ ಗಂಡಸರಿಗೂ ಆ ಒಂದು ನಿಮಿಷ ಎಲ್ಲಿಂದ ಸಿಗುತ್ತದೋ!

ಅಷ್ಟರಲ್ಲಿ ಕರೆಂಟು ಹೋಯಿತು. ಮರುಕ್ಷಣ ನಮ್ಮವರು ಧಡಧಡ ಇಳಿದು ಬಂದರು. ನನ್ನ ಕೂಗು ಮಾಡದ ಕೆಲಸವನ್ನು ವಿದ್ಯುತ್ ಇಲಾಖೆ ಮಾಡಿತು. ಬಂದವರೇ ಎರಡೂ ಕೈ ಎತ್ತಿ, "ಯಾರೂ ಗಾಬರಿ ಆಗಬ್ಯಾಡ್ರಿ!" ಎಂದು ಘೋಷಿಸಿದರು. ಗಾಬರಿಯಾಗಲು ಯಾರಿಗೂ ಪುರುಸೊತ್ತಿರಲಿಲ್ಲ. ಇನ್ನೊಂದು ಹೆಜ್ಜೆ ಇಡುವಷ್ಟರಲ್ಲಿ ಅವರ ಒಂದು ಚಪ್ಪಲಿ ತೇಲಿಹೋಯಿತು. ವೀರರು ಅದರ ಬೆನ್ನುಹತ್ತಿದರು. ನಾನು ಮತ್ತು ಯಾದಮ್ಮ ಅಕ್ಕಿಚೀಲ, ಟ್ರಂಕು, ಗ್ಯಾಸ್ ಸಿಲಿಂಡರು ಎಲ್ಲ ಹೊತ್ತು ಮುಗಿಸಿದ ಮೇಲೆ ಅವರು ಚಪ್ಪಲಿ ಸಮೇತ, ಗೆದ್ದ ಮುಖದಲ್ಲಿ ಬಂದರು.

ಸಂಜೆಗೆ ಮಳೆ ನಿಂತಿತು, ಕರೆಂಟು ಬಂತು. ಯಾದಮ್ಮ ನನ್ನ ಸೀರೆ ಉಟ್ಟು ನಮ್ಮ ನಡುಮನೆಯಲ್ಲಿ ಕೂಸಿಗೆ ಹಾಲೂಡಿಸುತ್ತಿದ್ದಳು. ಟಿ.ವಿ. ತಾನಾಗಿ ಹೊತ್ತಿಕೊಂಡು, ಸಿನಿಮಾ ನಿಂತ ಜಾಗದಿಂದಲೇ ಮುಂದುವರಿದು ಅಣೆಕಟ್ಟು ಒಡೆಯಿತು. ನಮ್ಮವರು ನಾಚಿ ರಿಮೋಟಿಗೆ ಕೈಹಾಕಿದರು. ಮನೆಗೆ ನೀರು ನುಗ್ಗಿದವಳ ಮುಂದೆ ಇದನ್ನು ತೋರಿಸುವುದೇ ಎಂದು ನಾನೂ ಉರಿಗಣ್ಣು ಬಿಟ್ಟೆ. ಆದರೆ ಯಾದಮ್ಮ, "ಉಂಡನೀಯ್ ಸಾರೂ", ಇರಲಿ ಬಿಡಿ, ಎಂದಳು. ತೆರೆಯ ಮೇಲೆ ಈಜುಕೊಳದ ಬಂಗಲೆಗಳು ಸಾಲಾಗಿ ಕೊಚ್ಚಿಹೋಗುತ್ತಿದ್ದವು. ಅವಳು ಕಣ್ಣರಳಿಸಿ, "ಗಿಂತ ಪೆದ್ದ ಇಂಡ್ಲಲ್ಲಕು ಗೂಡ ನೀಳ್ಳೊಸ್ತಯಾ ಅಮ್ಮಾ?" ಎಂದು ಕೇಳಿದಳು. ಇಷ್ಟು ದೊಡ್ಡ ಮನೆಗಳಿಗೂ ನೀರು ನುಗ್ಗುತ್ತದೆಯೇ? ಆಮೇಲೆ ನಕ್ಕಳು. ಆ ದಿನ ಅವಳು ನಕ್ಕದ್ದು ಅದೊಂದೇ ಸಲ. "ಬರತೈತಿ ಮತ್ತ, ಎಲ್ಲಾರ ಮನಿಗೂ ಬರತೈತಿ" ಎಂದು ಅತ್ತೆ ಕನ್ನಡದಲ್ಲೇ ಸಮಾಧಾನ ಹೇಳಿದರು. ಅದು ಅವಳಿಗೆ ಅರ್ಥವೂ ಆಯಿತು.

ಇಲ್ಲಿಗೇ ಮುಗಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಮರುದಿನ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಮೂರನೇ ಮಹಡಿಯವರ ವಿಡಿಯೋ ಬಂತು. ಸ್ಟಾಫ್ ರೂಮಿನಲ್ಲಿ ಎಲ್ಲರನ್ನೂ ಸುತ್ತ ಸೇರಿಸಿಕೊಂಡು ಹಾಕಿದೆ. ನೋಡಿದರೆ ನೀರು ನನ್ನ ಮೊಣಕಾಲಿಗಿಂತ ಕೆಳಗೆ! ಅನ್ಯಾಯವಲ್ಲವೇ? ಸೊಂಟದವರೆಗೆ ಇತ್ತು ಎಂದು ಆಗಲೇ ಎಲ್ಲರಿಗೂ ಹೇಳಿಬಿಟ್ಟಿದ್ದೆ. ಮತ್ತೆ ಹಾಕಿದೆ, ನಿಲ್ಲಿಸಿ ನಿಲ್ಲಿಸಿ ನೋಡಿದೆ. ನೀರು ಏರಲಿಲ್ಲ. ಸಂಜೆ ಮನೆಗೆ ಬಂದವಳೇ ನೇರ ಮೂರನೇ ಮಹಡಿಗೆ ಹತ್ತಿ ಅವರನ್ನು ತರಾಟೆಗೆ ತೆಗೆದುಕೊಂಡೆ. ಮೇಲೆ ನಿಂತು ತೆಗೆದರೆ ನೀರಿನ ಆಳ ಗೊತ್ತಾಗುತ್ತದೆಯೇ, ಸುಳಿ ಇದ್ದ ಕಡೆ ಫೋನು ತಿರುಗಿಸಬಾರದಿತ್ತೇ, ಮುಂದಿನ ಸಲವಾದರೂ ಇಳಿಜಾರಿನ ಬುಡದಲ್ಲಿ ನಿಂತು ತೆಗೆಯಿರಿ ಎಂದು ವಿವರವಾಗಿ ಕಲಿಸಿಕೊಟ್ಟೆ. ಅವರು ತಲೆಯಾಡಿಸಿ ಬಾಗಿಲು ಹಾಕಿಕೊಂಡರು. ಅರ್ಧದಷ್ಟು ಮೆಟ್ಟಿಲು ಇಳಿದ ಮೇಲಷ್ಟೇ ನಾನು 'ಮುಂದಿನ ಸಲ' ಎಂದದ್ದು ನನ್ನ ಕಿವಿಗೆ ಕೇಳಿಸಿತು.