ಕಂಬಕ್ಕೆ ಸಂದ ಹಾಡನ್ನು ಪಾದ್ರಿಮೂಗು ಮರಕ್ಕೆ ಮರಳಿಸುವ ಕುರಿತು

ಹಳೆಯ ಸೇಬುತೋಟ ಪುನರುಜ್ಜೀವನ ಉಪಸಮಿತಿ
ಲೋವರ್ ಕ್ಲೋಸ್‌ಕೂಂಬ್, ಸಾಮರ್ಸೆಟ್

ಸಂಖ್ಯೆ: ಹಸೇಪು/ಮುನಿಸು/೧೭
ದಿನಾಂಕ: ಏಪ್ರಿಲ್ ೨೪

ಸುತ್ತೋಲೆ

ವಿಷಯ: ಮರ ಎಬ್ಬಿಸುವ ಹಾಡನ್ನು ದೂರವಾಣಿ ಕಂಬದ ಮುಂದೆ ಹಾಡಿದ್ದರಿಂದ ಉದ್ಭವಿಸಿರುವ ಪರಿಸ್ಥಿತಿ.

ಉಲ್ಲೇಖ: ೧) ಮೇ ಒಂದರೊಳಗೆ ಚಿಗುರದಿದ್ದಲ್ಲಿ ಮರವನ್ನು ಕಡಿಯುವ ಆದೇಶ.
೨) ಮರ ಕಡಿಯಬಾರದೆಂದು ಪಕ್ಕದ ಮನೆಯ ಶ್ರೀಮತಿ ಮೇವಿಸ್ ಟ್ಯಾಪ್‌ಸ್ಕಾಟ್ ಅವರು ಬೇಲಿಯಾಚೆಯಿಂದ ಕೂಗಿ ಸಲ್ಲಿಸಿದ ಮನವಿ.

ತೋಟದ ಮುಳ್ಳುಪೊದೆ ಸವರಲು ಬಂದಿರುವ ಸಮಸ್ತ ಸ್ವಯಂಸೇವಕರ ಗಮನಕ್ಕೆ ತರುವುದೇನೆಂದರೆ, ಪಾದ್ರಿಮೂಗು ತಳಿಯ ಸೇಬಿನ ಮರ ಈ ಭೂಮಿಯ ಮೇಲೆ ಒಂದೇ ಉಳಿದಿದೆ. ಅದನ್ನು ಕಸಿ ಕಟ್ಟಿದವರು ಶ್ರೀಮತಿ ಮೇವಿಸ್ ಅವರ ತಾತ. ಸದರಿ ಮರವನ್ನು ಚಳಿಗಾಲದ ನಿದ್ದೆಯಿಂದ ಎಬ್ಬಿಸಲು ಪ್ರತಿ ಜನವರಿಯಲ್ಲಿ ಅದಕ್ಕೆ ಹಾಡು ಹೇಳಿ, ಪಾತ್ರೆ ಬಡಿದು, ಬೇರಿಗೆ ಸೇಬಿನ ಹೆಂಡ ಎರೆದು, ಕೊಂಬೆಗೆ ಸುಟ್ಟ ರೊಟ್ಟಿ ಸಿಕ್ಕಿಸುವುದು ರೂಢಿ. ಈ ಬಾರಿ ದಟ್ಟ ಮಂಜಿನಲ್ಲಿ ಇದೆಲ್ಲವೂ ಪಕ್ಕದ ದೂರವಾಣಿ ಕಂಬಕ್ಕೆ ಸಂದಿರುತ್ತದೆ. ಅಂದಿನಿಂದ ಮರವು ಚಿಗುರಿರುವುದಿಲ್ಲ.

ವಿಚಾರಣೆಯಲ್ಲಿ ಸ್ವಯಂಸೇವಕರ ಮುಖಂಡ ಶ್ರೀ ಡೆನ್‌ಜಿಲ್ ವೌಲ್ಸ್, "ಮಂಜು ಕಣಮ್ಮಾ, ನಮ್ಮ ಕಾಲೇ ನಮಗೆ ಕಾಣ್ತಿರ್ಲಿಲ್ಲ" ಎಂದೂ, ಶ್ರೀಮತಿ ಮೇವಿಸ್, "ಕಾಲು ಕಾಣದೆ ಹೋಗಿದ್ದು ಮಂಜಿಗಲ್ಲ ಕಣಪ್ಪ, ಹೆಂಡಕ್ಕೆ! ಕಂಬಕ್ಕೆಲ್ಲೋ ಕೊಂಬೆ? ರೊಟ್ಟೀನ ಎಲ್ಲಿಗೆ ಸಿಕ್ಕಿಸಿದ್ರಿ?" ಎಂದೂ ಹೇಳಿಕೆ ನೀಡಿರುತ್ತಾರೆ. ರೊಟ್ಟಿಯನ್ನು ಮೊಳೆ ಹೊಡೆದು ಕೂರಿಸಲಾಗಿತ್ತೆಂದು ದೃಢಪಟ್ಟಿದೆ.

ಆದ್ದರಿಂದ ಹಾಡನ್ನು ಮರದ ಮುಂದೆ ಹೊಸದಾಗಿ ಹಾಡಲು ಈ ಕೆಳಕಂಡಂತೆ ಆದೇಶಿಸಲಾಗಿದೆ:

೧. ಹಾಡುವ ಮುನ್ನ ಎದುರಿಗಿರುವುದು ಮರವೇ ಎಂದು ಮುಟ್ಟಿ ಖಚಿತಪಡಿಸಿಕೊಳ್ಳತಕ್ಕದ್ದು. ತಂತಿ ಕಂಡುಬಂದಲ್ಲಿ ಹಾಡನ್ನು ತಕ್ಷಣ ನಿಲ್ಲಿಸತಕ್ಕದ್ದು.

೨. ಸ್ವಯಂಸೇವಕರು ಮರದ ಮುಂದೆ ಟೋಪಿ ತೆಗೆದು ಕ್ಷಮೆ ಕೋರತಕ್ಕದ್ದು. ಕಂಬದ ಹೆಸರನ್ನು ಎತ್ತಕೂಡದು.

೩. ಎಳೆ ಸಸಿಗಳಿಗೆ ಈ ಜಗಳ ಕೇಳಿಸದಂತೆ ಅವುಗಳಿಗೆ ಗೋಣಿತಾಟು ಹೊದಿಸತಕ್ಕದ್ದು.

೪. ಕಂಬವು ಸದ್ಭಾವನೆಯಿಂದ ಸ್ವೀಕರಿಸಿದ ಹೆಂಡವನ್ನು ವಾಪಸು ಕೇಳತಕ್ಕದ್ದಲ್ಲ. ಊರಿನ ದೂರವಾಣಿಗಳು ಅಂದಿನಿಂದ ಸ್ಪಷ್ಟವಾಗಿ ಕೇಳಿಸುತ್ತಿವೆಯೆಂಬುದನ್ನು ಗಮನಿಸಲಾಗಿದೆ.

೫. ಕೊಂಬೆಗೆ ಸಿಕ್ಕಿಸುವ ರೊಟ್ಟಿಯು, ಮರವನ್ನು ಕಾಯುವ ಕೆಂಪೆದೆಯ ರಾಬಿನ್ ಹಕ್ಕಿಯ ಪಾಲು. ಹಕ್ಕಿಯು ಬರುವವರೆಗೆ ಶ್ರೀ ಡೆನ್‌ಜಿಲ್ ಅವರು ಅದನ್ನು ಕಾಯತಕ್ಕದ್ದು; ತಿನ್ನತಕ್ಕದ್ದಲ್ಲ.

೬. ಪದ್ಯದ ಒಂದು ಸಾಲನ್ನೂ ನುಂಗದೆ ರಾಗವಾಗಿ ಹೇಳಿ, ಮುಗಿದ ಮೇಲೆ ತುಸು ಹೊತ್ತು ಸುಮ್ಮನೆ ನಿಂತು ಆಲಿಸತಕ್ಕದ್ದು. ಮರವು ಏನೂ ಹೇಳದಿದ್ದಲ್ಲಿ, ಯೋಚಿಸುತ್ತಿದೆಯೆಂದು ಭಾವಿಸತಕ್ಕದ್ದು.

ಸೇರ್ಪಡೆ: ಈ ಸುತ್ತೋಲೆ ಸಹಿಗೆ ಹೋಗುವ ವೇಳೆ, ಮರದ ಒಂದೇ ಒಂದು ಕೊಂಬೆ ಚಿಗುರಿ ಮೊಗ್ಗು ಬಿಟ್ಟಿರುವುದು ಸ್ಥಳ ಪರಿಶೀಲನೆಯಲ್ಲಿ ಕಂಡುಬಂದಿದೆ. ಅದು ಶ್ರೀಮತಿ ಮೇವಿಸ್ ಅವರ ಅಡುಗೆಮನೆಯ ಕಿಟಕಿಗೆ ತಾಗಿದ ಕೊಂಬೆ. ವಿಚಾರಿಸಲಾಗಿ, "ಹಾಡಿದ್ದು ಅಂತೇನಿಲ್ಲಪ್ಪ. ಪಾತ್ರೆ ತೊಳೀತಾ ಗುನುಗ್ತಿದ್ದೆ. ತಾತ ಹೇಳ್ಕೊಟ್ಟಿದ್ದು, ಬಾಯಿಗೆ ಬಂದ್ಬಿಡತ್ತೆ" ಎಂದಿರುತ್ತಾರೆ. ಹಾಡು ಮತ್ತು ಪಾತ್ರೆಯ ಸದ್ದು, ಎರಡೂ ನಿಯಮಾನುಸಾರ ಇದ್ದವೆಂದು ಉಪಸಮಿತಿಯು ತೀರ್ಮಾನಿಸಿದೆ.

ಆದಕಾರಣ ಉಲ್ಲೇಖ (೧)ರ ಆದೇಶವನ್ನು ರದ್ದುಪಡಿಸಲಾಗಿದೆ. ಶ್ರೀಮತಿ ಮೇವಿಸ್ ಅವರು ಇನ್ನು ಮುಂದೆ ಪಾತ್ರೆ ತೊಳೆಯುವಾಗ, ಚಳಿಯಿದ್ದರೂ, ಕಿಟಕಿ ಮುಚ್ಚತಕ್ಕದ್ದಲ್ಲವೆಂದು ಈ ಮೂಲಕ ಸೂಚಿಸಲಾಗಿದೆ. ಅವರಿಗೆ ಉಣ್ಣೆಯ ಶಾಲು ಒದಗಿಸತಕ್ಕದ್ದು.

(ಸಹಿ/-)
ಕಾರ್ಯದರ್ಶಿ
(ಅಂದು ಕಂಬಕ್ಕೆ ಮೊಳೆ ಹೊಡೆದವರು)

ಪ್ರತಿಗಳು:
೧. ಪಾದ್ರಿಮೂಗು ಮರಕ್ಕೆ, ಗಟ್ಟಿಯಾಗಿ ಓದಿ ಹೇಳುವ ಮೂಲಕ.
೨. ರಾಬಿನ್ ಹಕ್ಕಿಗೆ, ರೊಟ್ಟಿಯೊಂದಿಗೆ.
೩. ಶ್ರೀ ಡೆನ್‌ಜಿಲ್ ವೌಲ್ಸ್ ಅವರಿಗೆ, ರೊಟ್ಟಿಯಿಲ್ಲದೆ.
೪. ದೂರವಾಣಿ ಕಂಬಕ್ಕೆ, ಮಾಹಿತಿಗಾಗಿ, ಚಿಗುರುವ ಅಗತ್ಯವಿಲ್ಲ.
೫. ಶ್ರೀಮತಿ ಮೇವಿಸ್ ಅವರ ಕಿಟಕಿಗೆ.