ಅರ್ಧ ಬಾವಿ

ಗಂಡ ಹೆಂಡಿರು ಬೇರೆಯಾಗುವುದು ಸುಲಭ. ಅವರು ತೋಡಿಸಿದ ಬಾವಿಯನ್ನು ಬೇರೆ ಮಾಡುವುದು ಕಷ್ಟ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಅನುಭವವಿಲ್ಲದೆ ಹೇಳುವ ಭಾಗ್ಯ ನನಗಿರಲಿಲ್ಲ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನೆಲ ಹೆಣ್ಣಿನ ಸಂತಾನಕ್ಕೆ ಸೇರಿದ್ದು. ಗಂಡನಾದವನು ಅಲ್ಲಿ ಊಟಕ್ಕೆ ಯಜಮಾನ, ಮಣ್ಣಿಗೆ ನೆಂಟ. ಕುಂದಾಪುರದ ಕೋಡಿಯಲ್ಲಿ, ನನ್ನ ಹೆಂಡತಿಯಾಗಿದ್ದ ಗಿರಿಜಳ ತಾಯಿಮನೆ ಹಿತ್ತಿಲಲ್ಲಿ, ನನ್ನ ಹೆಸರಿನಲ್ಲಿ ಸಾಲ ತೆಗೆದು ಬಾವಿ ತೋಡಿಸುವಾಗ ಇದು ತಲೆಗೆ ಹೋಗಲಿಲ್ಲ. ಸಮುದ್ರದ ಬದಿಯಲ್ಲಿ ಸಿಹಿನೀರು ಸಿಕ್ಕಿತೆಂಬ ಹೆಮ್ಮೆಯೇ ದೊಡ್ಡದಾಗಿತ್ತು. ಹಗಲು ಕಂಡ ಬಾವಿಗೆ ಇರುಳು ಬೀಳುವವರಿದ್ದಾರೆ. ನಾನು ಹಗಲೇ ಬಿದ್ದೆ.

ಕೋರ್ಟಿನಲ್ಲಿ ನಮ್ಮ ಮದುವೆಗೆ ಬಿಡುಗಡೆಯಾಯಿತು. ಮಕ್ಕಳಿರಲಿಲ್ಲ, ಜಗಳಕ್ಕೆ ಬಾವಿಯೊಂದೇ ಉಳಿಯಿತು. "ಸಾಲ ನನ್ನದು, ಬಾವಿ ಅವಳದ್ದು, ಇದು ಯಾವ ನ್ಯಾಯ?" ಎಂದು ಗಂಟಲು ಹರಿದುಕೊಂಡೆ. ಆ ಮನೆಯ ಯಜಮಾನರಾದ ಅವಳ ಸೋದರಮಾವ ಎಲೆಯಡಿಕೆ ಜಗಿಯುತ್ತಾ, "ನೀರ್ ಇಬ್ರೂ ಕುಡ್ದಿರಿ, ಸಾಲವೂ ಇಬ್ರೂ ತೀರ್ಸಿ. ಬಾವಿಯೂ ಅರ್ಧ ನಿಮ್ದೇ, ಬಂದ್ ನೀರ್ ತಕಂಡ್ ಹೋಯ್ನಿ" ಎಂದರು. ಗೆದ್ದೆನೆಂದು ಬೀಗಿದೆ. ಹಗ್ಗ, ಕೊಡಪಾನ ಅವಳ ಪಾಲಿಗೆ ಹೋದದ್ದನ್ನು ಗಮನಿಸಲೇ ಇಲ್ಲ.

ನಾನೀಗ ಇರುವ ಬಾಡಿಗೆ ಕೋಣೆಯ ಬಾವಿನೀರು ಉಪ್ಪು. ಹಾಗಾಗಿ ದಿನಾ ಬೆಳಿಗ್ಗೆ ಅವಳ ಮನೆಗೆ ಹೋಗಿ "ಹಗ್ಗ" ಎನ್ನುತ್ತಿದ್ದೆ. ಗಿರಿಜ ತಂದು ಕೊಡುತ್ತಿದ್ದಳು. ಸಂಸಾರ ಮಾಡುವಾಗ ಮುಖ ತಿರುಗಿಸಿಕೊಂಡೇ ಇದ್ದವರು ಹೀಗೆ ಒಂದೆರಡು ಮಾತು ಆಡತೊಡಗಿದೆವು. ಒಮ್ಮೆ, "ಹ್ವಾಯ್, ಎಂತ, ಜ್ವರವಾ?" ಎಂದೂ ಕೇಳಿದಳು. ಅಂಗಡಿಯಲ್ಲಿ ಹಗ್ಗ ಸಿಗುವುದಿಲ್ಲವೆಂದಲ್ಲ. ನಾನು ಕೊಳ್ಳಲಿಲ್ಲ, ಅಷ್ಟೆ.

ಮೊನ್ನೆ ಸಾಲದ ತನ್ನ ಪಾಲು ತೀರಿಸಿ ಬಂದವಳು, "ನಾಳಿಂದ ಹಗ್ಗ, ಕೊಡಪಾನ ಬಾವಿಕಟ್ಟಿ ಮೇಲೇ ಇಡ್ತೆ. ನೀವ್ ಕೇಂಬುದ್ ಬ್ಯಾಡ" ಎಂದಳು. ಉಪಕಾರವೆಂದೇ ಹೇಳಿದಳು. ನನಗೆ ಮಾತ್ರ ಕೋರ್ಟು ಕೊಟ್ಟ ಬಿಡುಗಡೆ ಆವತ್ತು ನಿಜವಾಯಿತು.

ಈಗ ಹಗ್ಗ ಕಟ್ಟೆಯ ಮೇಲಿರುತ್ತದೆ, ಮನೆಯ ಬಾಗಿಲು ಮುಚ್ಚಿರುತ್ತದೆ. ನೀರು ಸೇದಿಕೊಂಡು ಸುಮ್ಮನೆ ಬರುತ್ತೇನೆ. ನಾಳೆ ಮಾತ್ರ, ಹಗ್ಗ ಒಂದು ಮೊಳ ಗಿಡ್ಡವಿದೆಯೆಂದು ಬಾಗಿಲು ಬಡಿದು ತಕರಾರು ತೆಗೆಯಬೇಕೆಂದಿದ್ದೇನೆ. ಗಿಡ್ಡವೇನೂ ಇಲ್ಲ. ಆದರೆ ನ್ಯಾಯ ಕೇಳುವ ಚಟ ನನಗೆ ಮೊದಲಿನಿಂದಲೂ ಇದೆಯಲ್ಲ!